ಸಾವಕ್ಕನ ಕಟ್ಟೆ

ಮುಗಳಖೋಡದಿಂದ ಹಳ್ಳದ ಗುಂಟ ಎರಡು ಮೈಲಿ ನಡೆದರೆ ಒಂದು ಸಣ್ಣ ಊರು. ಅಲ್ಲಿ ಕುರುಬರ ಸತ್ಯಪ್ಪನ ಮನೆ ಯಾವುದು ಎಂದು ಕೇಳಿದರೆ ಕೂಸುಗಳೂ ಬೆರಳು ಮಾಡಿ ತೋರಿಸುತ್ತಿದ್ದವು. ಮನೆ ದೊಡ್ಡದೆಂದಲ್ಲ. ಒಳಗೆ ಇದ್ದದ್ದು ಎರಡೇ ಅಂಕಣ, ಅದರಲ್ಲೂ ಒಂದನ್ನು ಎಮ್ಮೆ, ಆಡುಗಳು ಆಕ್ರಮಿಸಿಕೊಂಡಿದ್ದವು. ಆದರೆ ಮನೆಯ ಮುಂದೆ ಇದ್ದಂಥ ಕಟ್ಟೆ ಮಾತ್ರ ಊರ ಗೌಡರ ವಾಡೆಗೂ ಇರಲಿಲ್ಲ. ಸೊಂಟದೆತ್ತರ, ಆರು ಜನ ಸಾಲಾಗಿ ಮಲಗುವಷ್ಟು ಉದ್ದ, ಮೇಲೆ ಹಂಚಿನ ಮಾಡು, ಅದನ್ನು ಹೊತ್ತ ಎರಡು ಬೇವಿನ ಕಂಬ. ಕಟ್ಟಿಸಿದವನು ಸತ್ಯಪ್ಪನ ಅಪ್ಪ. ಇದ್ದಬದ್ದ ಕಲ್ಲನ್ನೆಲ್ಲ ಕಟ್ಟೆಗೇ ಸುರಿದು ಒಳಗಿನ ಗೋಡೆಗೆ ಬರೀ ಮಣ್ಣು ಉಳಿಸಿಕೊಂಡ ಪುಣ್ಯಾತ್ಮ ಎಂದು ಊರವರು ನಗುತ್ತಿದ್ದರು. ನಗುವವರು ಅದೇ ಕಟ್ಟೆಯ ಮೇಲೆ ಕೂತು, ಅದೇ ಮನೆಯ ಚಹಾ ಕುಡಿದು ನಗುತ್ತಿದ್ದರು ಎನ್ನುವುದನ್ನೂ ಹೇಳಬೇಕು.

ಸಾವಕ್ಕ ಈ ಸತ್ಯಪ್ಪನ ಮಗಳು. ಅವಳ ಬಾಳಿನ ಕಥೆ ಹೇಳಹೊರಟರೆ ಅರ್ಧ ಕಥೆ ಆ ಕಟ್ಟೆಯದೇ ಆಗುತ್ತದೆ.

ಸತ್ಯಪ್ಪ ವರ್ಷದ ನಾಲ್ಕು ತಿಂಗಳು ಊರಲ್ಲಿ ಇರುತ್ತಿರಲಿಲ್ಲ. ಮುಂಗಾರಿನ ಮಿರಗದ ಮಳೆ ಬಿದ್ದು ನೆಲ ಹಸಿಯಾಯಿತೆಂದರೆ ಕುರಿಗಳ ಕಾಲು ಕೊಳೆಯತೊಡಗುತ್ತವೆ. ಅದಕ್ಕೇ ಹಿಂಡು ಹೊಡೆದುಕೊಂಡು, ಮಳೆ ಕಡಿಮೆ ಇರುವ ಮೂಡಣ ಸೀಮೆಗೆ ಹೋಗಿಬಿಡುತ್ತಿದ್ದ. ತಿರುಗಿ ಬರುವುದು ದೀಪಾವಳಿಯ ಹೊತ್ತಿಗೆ. ಹಾಗೆ ಬಂದ ದಿನ ನೆಟ್ಟಗೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹತ್ತೂರು ತಿರುಗಿ ಬಂದವನ ಕಂಬಳಿಗೆ ಯಾವ ಊರಿನ ಗಾಳಿ ಅಂಟಿರುತ್ತದೋ, ಯಾವ ಕಣ್ಣು ತಾಕಿರುತ್ತದೋ ಯಾರಿಗೆ ಗೊತ್ತು? ಮೊದಲು ಕಟ್ಟೆಯ ಮೇಲೆ ಕೂರಬೇಕು. ಹೆಂಡತಿ ತಾರವ್ವ ರೊಟ್ಟಿಯ ತುಣುಕು, ತಂಬಿಗೆ ನೀರು ತಂದು ಮೂರು ಸಲ ನಿವಾಳಿಸಿ, ತುಣುಕನ್ನು ದಾರಿಯ ಆಚೆ ಒಗೆದು, ಕಾಲಿಗೆ ನೀರು ಹಾಕಬೇಕು. ಆಮೇಲೆ ಒಳಗೆ.

ಸತ್ಯಪ್ಪ ಆಮೇಲೂ ಒಳಗೆ ಹೋಗುತ್ತಿರಲಿಲ್ಲ. "ನಾಕ ಗ್ವಾಡಿ ನಡುವ ಉಸರ ಕಟ್ಟಿದಂಗ ಆಕ್ಕೈತಿ" ಎಂದು ಊಟ, ನಿದ್ದೆ, ಕ್ಷೌರ, ಪಂಚಾಯ್ತಿ ಎಲ್ಲವನ್ನೂ ಕಟ್ಟೆಯ ಮೇಲೇ ಮುಗಿಸುತ್ತಿದ್ದ. ಹೀಗಾಗಿ ಸಾವಕ್ಕನಿಗೆ ಅವ್ವ ಎಂದರೆ ಒಲೆಯ ಮುಂದಿನವಳು, ಅಪ್ಪ ಎಂದರೆ ಕಟ್ಟೆಯ ಮೇಲಿನವನು. ಅಪ್ಪ ಮನೆಯೊಳಗೆ ನಿಂತ ಚಿತ್ರ ಅವಳ ಕಣ್ಣಿಗೆ ಇವತ್ತಿಗೂ ಕಟ್ಟುವುದಿಲ್ಲ.

ದಸರೆ ಮುಗಿದದ್ದೇ ತಡ, ಹುಡುಗಿ ಕಟ್ಟೆ ಹತ್ತಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಅಲ್ಲಿಂದ ನೋಡಿದರೆ ದಾರಿ ಜಾಲಿಯ ಗಿಡದ ತನಕ ನೆಟ್ಟಗೆ ಹೋಗಿ, ಅಲ್ಲಿ ತಿರುಗಿ ಮಾಯವಾಗುತ್ತಿತ್ತು. ಕಬ್ಬಿನ ಗಾಡಿಗಳು ಆ ತಿರುವಿನಿಂದ ಬರುತ್ತಿದ್ದವು. ಓಣಿಯ ಹುಡುಗರು ಓಡಿಹೋಗಿ ಗಾಡಿಯ ಹಿಂದಿನಿಂದ ಕಬ್ಬು ಜಗ್ಗುತ್ತಿದ್ದರು, ಗಾಡಿಯವನು ಬೈಯುತ್ತಿದ್ದ, ಬೈಗುಳ ಮುಗಿಯುವಷ್ಟರಲ್ಲಿ ಕಬ್ಬು ಅರ್ಧ ಮುಗಿದಿರುತ್ತಿತ್ತು. ಸಾವಕ್ಕ ಮಾತ್ರ ಇಳಿಯುತ್ತಿರಲಿಲ್ಲ. ಅವಳಿಗಿಂತ ಐದು ವರ್ಷ ದೊಡ್ಡವನಾದ ಅಣ್ಣ ಭರಮು ತನ್ನ ಪಾಲಿನ ಕಬ್ಬಿನಲ್ಲಿ ಮುರಿದು ಅವಳು ಕೂತಲ್ಲಿಗೇ ತಂದುಕೊಡುತ್ತಿದ್ದ. ಅಣ್ಣನೆಂದರೆ ಹಾಗೆ. ಚಿಕ್ಕಂದಿನಿಂದಲೂ ಅವನದು ಕೊಡುವ ಕೈ, ಆದರೆ ಏನು ಬೇಕು ಎಂದು ಕೇಳುವ ಅಭ್ಯಾಸ ಇರಲಿಲ್ಲ.

ಅವಳಿಗೆ ಒಂಬತ್ತು ತುಂಬಿದ ವರ್ಷ, ಎಂಬತ್ತೆರಡರ ಸುಮಾರು, ಒಂದು ಅನಾಹುತ ನಡೆಯಿತು. ನಾಲ್ಕು ದಿನ ಬಿಟ್ಟೂಬಿಡದೆ ಕಾದವಳು ನೀರು ಕುಡಿಯಲೆಂದು ಒಳಗೆ ಹೋದಳು. ಅದೇ ಹೊತ್ತಿಗೆ ಸತ್ಯಪ್ಪ ಬಂದುಬಿಟ್ಟ. ಅವಳು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದಾನೆ, ಅವ್ವ ನಿವಾಳಿಸಿದ್ದೂ ಆಗಿದೆ. ಹುಡುಗಿ ಕಂಬ ಹಿಡಿದು ಹೋ ಎಂದು ಅಳತೊಡಗಿದಳು.

"ಯಾಕವ್ವಾ? ಬಂದೀನಲ್ಲ, ನಿನ್ನ ಮುಂದನ ಕುಂತೀನಿ" ಎಂದ ಸತ್ಯಪ್ಪ.

"ನೀ ಬರೂದು ನಾ ನೋಡಲಿಲ್ಲ."

"ಈಗ ನೋಡಲ್ಲ."

"ಇದು ಬಂದದ್ದು. ಬರೂದು ನೋಡಲಿಲ್ಲ ನಾ."

ತಾರವ್ವನಿಗೆ ಸಿಟ್ಟು ಬಂತು. "ಹುಚ್ಚಿ, ನಿಮ್ಮಪ್ಪ ನಾಕ ತಿಂಗಳ ನಡದ ಬಂದಾನ. ಇನ್ನೊಮ್ಮಿ ನಡಸ್ತಿಯೇನ ಅವನ್ನ?"

ಸತ್ಯಪ್ಪ ಮಗಳ ಮುಖ ನೋಡಿದ. ಕಂಬಳಿ ಹೆಗಲಿಗೆ ಹಾಕಿಕೊಂಡ, ಕೋಲು ಹಿಡಿದ, ಕಟ್ಟೆ ಇಳಿದು ಜಾಲಿಗಿಡದ ತನಕ ನಡೆದು ತಿರುವಿನಲ್ಲಿ ಮರೆಯಾದ. ನಾಯಿ ಬೇರೆ ಅವನ ಹಿಂದೆ ಹೋಯಿತು, ಮತ್ತೆ ಮೂಡಣಕ್ಕೇ ಹೊರಟರೇನೋ ಅಂದುಕೊಂಡು. ಸಾವಕ್ಕ ಕಟ್ಟೆ ಏರಿ ಕೂತಳು. ಆಮೇಲೆ ಅಪ್ಪ ಬಂದ. ಬರುತ್ತ ಬರುತ್ತ ದೊಡ್ಡವನಾದ, ಮುಖ ಕಂಡಿತು, ಮೀಸೆ ಕಂಡಿತು, ನಗು ಕಂಡಿತು. ಓಣಿಗೆ ಓಣಿಯೇ ನಿಂತು ನಗುತ್ತಿತ್ತು. ಮತ್ತೆ ಬಂದ ಮೇಲೆ ಮತ್ತೆ ನಿವಾಳಿಸಲೇಬೇಕಲ್ಲ, ಹೊತ್ತಿಗಿಷ್ಟು ರೊಟ್ಟಿ ದಂಡ ಎಂದು ಗೊಣಗುತ್ತ ತಾರವ್ವ ಇನ್ನೊಂದು ತುಣುಕು ತಂದಳು.

ಮಗಳ ಹಟಕ್ಕೆ ಒಬ್ಬ ಗಂಡಸು ತನ್ನ ಬರುವಿಕೆಯನ್ನೇ ಎರಡನೇ ಸಲ ಬಂದು ತೋರಿಸಿದ. ಇಂಥದ್ದು ಸಿಕ್ಕವರು ಆಮೇಲೆ ಏನು ಸಿಕ್ಕರೂ ಅದರ ಜೊತೆ ಹೋಲಿಸುತ್ತಾರೆ. ಸಾವಕ್ಕನಿಗೂ ಹಾಗೇ ಆಯಿತು.

ಹದಿಮೂರು ತುಂಬಿ ಮೈನೆರೆದದ್ದೇ ಕಟ್ಟೆಯ ಋಣ ಹರಿಯಿತು. "ಇನ್ನ ಕಟ್ಟಿ ಸಾಕು" ಎಂದಳು ತಾರವ್ವ. ಕಾರಣ ಕೇಳುವ ಹಾಗಿರಲಿಲ್ಲ. ದೊಡ್ಡವಳಾದ ಹುಡುಗಿ ದಾರಿಗೆ ಮುಖ ಮಾಡಿ ಕೂರಬಾರದು, ಅಷ್ಟೆ. ಆ ವರ್ಷ ಸತ್ಯಪ್ಪ ಬಂದದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದಳು. ಅಷ್ಟು ಸಣ್ಣ ಸಂದಿಯಲ್ಲಿ ಅಪ್ಪ ಸರಿಯಾಗಿ ಹಿಡಿಸಲಿಲ್ಲ, ಒಮ್ಮೆ ಹೆಗಲು, ಒಮ್ಮೆ ಕೋಲು. "ಸಾವಿ ಎಲ್ಲಿ?" ಎಂದು ಕೇಳಿದವನಿಗೆ ತಾರವ್ವ ಮೆಲ್ಲಗೆ ಹೇಳಿದಳು. ಅವನು ಯಾವಾಗಲೂ ಕೂರುತ್ತಿದ್ದ ಕಂಬದ ಬುಡ ಬಿಟ್ಟು ಬಾಗಿಲ ಪಕ್ಕಕ್ಕೆ ಸರಿದು ಕೂತ. ಒಳಗಿನವಳ ಜೊತೆ ಮಾತಾಡಲು ಅದು ಹತ್ತಿರ. ಮದುವೆಯಾಗುವ ತನಕ ಅಪ್ಪ ಮಗಳ ಮಾತು ಹೀಗೇ ನಡೆಯಿತು, ನಡುವೆ ಒಂದು ಕದ ಇಟ್ಟುಕೊಂಡು.

ತೊಂಬತ್ತರಲ್ಲಿ ಅವಳನ್ನು ಮಹಾರಾಷ್ಟ್ರದ ಗಡಿಯ ಊರಾದ ಕೊಗನೊಳ್ಳಿಯ ತುಕಾರಾಮನಿಗೆ ಕೊಟ್ಟರು. ಗಂಡು ಒಳ್ಳೆಯವನು, ಹೊಲ ಇತ್ತು, ಮನೆ ಹೆದ್ದಾರಿಗೆ ಹತ್ತಿಕೊಂಡೇ ಇತ್ತು. ಆ ಮನೆಗೂ ಒಂದು ಕಟ್ಟೆ ಇದ್ದದ್ದನ್ನು ನೋಡಿ ಸಾವಕ್ಕನ ಜೀವ ಅರಳಿತು. ಬಂದ ಮೂರನೆಯ ದಿನ ಕಸ ಗುಡಿಸಿ, ಬೆನ್ನು ನೆಟ್ಟಗೆ ಮಾಡಿಕೊಳ್ಳಲೆಂದು ಅದರ ಅಂಚಿಗೆ ಕೂತಳು. ಒಳಗಿನಿಂದ ಅತ್ತೆ ಅಕ್ಕುತಾಯಿಯ ದನಿ ಬಂತು: "ಆತ ಯೇ ಗ, ಆತ ಯೇ." ಒಳಗೆ ಬಾರೇ ಎಂದು. ಸಾವಕ್ಕ ಕಲಿತ ಮೊದಲ ಮರಾಠಿ ಮಾತು ಅದೇ.

ಅತ್ತೆ ಕೆಟ್ಟವಳೇನಲ್ಲ. ಸೊಸೆಯ ಮುಖ ಸಣ್ಣಗಾದದ್ದು ಕಂಡು ಹತ್ತಿರ ಕೂರಿಸಿಕೊಂಡು, ತಾನೂ ಈ ಕಟ್ಟೆಯ ಮೇಲೆ ಕೂತದ್ದು ತಲೆ ಬೆಳ್ಳಗಾದ ಮೇಲೆಯೇ ಎಂದು ಹೇಳಿದಳು. ಲೆಕ್ಕ ಹಾಕಿದರೆ ಸಾವಕ್ಕನಿಗೆ ಇನ್ನೂ ಮೂವತ್ತು ವರ್ಷ ಇತ್ತು.

ಆದರೆ ಲೋಕದಲ್ಲಿ ಒಂದು ನ್ಯಾಯ ಇದೆ. ತವರಿಗೆ ಬಂದ ಮಗಳಿಗೆ ಎಲ್ಲ ಮಾಫಿ. ಗಂಡನ ಮನೆಯಲ್ಲಿ ಕೂರಬಾರದವಳು ತವರಿನ ಕಟ್ಟೆಯ ಮೇಲೆ ಸೆರಗು ಜಾರಿದರೂ ಲೆಕ್ಕಿಸದೆ, ಕಾಲು ಇಳಿಬಿಟ್ಟು, ಹೋಗಿ ಬರುವವರನ್ನೆಲ್ಲ ಕರೆದು ಮಾತಾಡಿಸಬಹುದು. ಯಾರೂ ಏನೂ ಅನ್ನುವುದಿಲ್ಲ. ಉಳಿದ ಹೆಣ್ಣುಮಕ್ಕಳು ನಾಗರಪಂಚಮಿಗೆ ತವರಿಗೆ ಬಂದರೆ ಸಾವಕ್ಕ ದೀಪಾವಳಿಗೆ ಬರುತ್ತಿದ್ದಳು. ಪಂಚಮಿ ಬರುವುದು ಮಳೆಗಾಲದಲ್ಲಿ, ಆಗ ಅಪ್ಪ ಊರಲ್ಲಿ ಎಲ್ಲಿರುತ್ತಾನೆ? ಕೊಗನೊಳ್ಳಿಯಿಂದ ನಿಪ್ಪಾಣಿ, ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿಂದ ರಾಯಬಾಗ, ಆಮೇಲೆ ಮುಗಳಖೋಡದ ಗಾಡಿ. ಇಡೀ ದಿನ ಬಸ್ಸಿನಲ್ಲಿ ಎತ್ತಿಹಾಕಿಸಿಕೊಂಡು ಬಂದು, ಕಟ್ಟೆಯ ಮೇಲೆ ಕೂತು ಉಸ್ಸೆಂದಾಗ ಅವಳಿಗೆ ಮತ್ತೆ ಒಂಬತ್ತು ವರ್ಷ. ಅಪ್ಪ ಎದುರಿಗೆ ಕೂತು ಮೂಡಣ ಸೀಮೆಯ ಸುದ್ದಿ ಹೇಳುತ್ತಿದ್ದ. ನಡುವೆ ಕದ ಇರುತ್ತಿರಲಿಲ್ಲ.

ತಾರವ್ವ ತೊಂಬತ್ತೆರಡರಲ್ಲಿ ತೀರಿಕೊಂಡಳು. ಸತ್ಯಪ್ಪ ಹೋದದ್ದು ತೊಂಬತ್ತೈದರಲ್ಲಿ, ಮಳೆಗಾಲದಲ್ಲಿ, ಕುರಿ ಹಿಂದೆ ಹೋದಲ್ಲಿಯೇ. ಜ್ವರ ಬಂತಂತೆ, ಮೂರು ದಿನವೂ ಹಿಡಿಯಲಿಲ್ಲವಂತೆ. ಭರಮು ಟೆಂಪೊ ಮಾಡಿಕೊಂಡು ಹೋಗಿ ಹೆಣ ತಂದ. ಹೊರಗೆ ಸತ್ತವರನ್ನು ಊರೊಳಗೆ ತರುವ ಪದ್ಧತಿ ಇಲ್ಲ. ಜಾಲಿಗಿಡದ ಆಚೆಯೇ ಟೆಂಪೊ ನಿಲ್ಲಿಸಿ, ಅಲ್ಲಿಂದಲೇ ಹೊಲಕ್ಕೆ ಒಯ್ದು ಮಣ್ಣು ಕೊಟ್ಟರು. ಸಾವಕ್ಕ ಕೊಗನೊಳ್ಳಿಯಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಸಿ ಮಣ್ಣಿನ ಗುಡ್ಡೆ ನೋಡಿದಳು, ಅತ್ತಳು, ಹಿಡಿ ಮಣ್ಣು ಹಾಕಿದಳು. ಆದರೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತಾಗ ಕಣ್ಣು ತಾನಾಗಿ ತಿರುವಿನ ಕಡೆ ಹೋಯಿತು. ಅಪ್ಪ ಸತ್ತದ್ದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಗೊತ್ತಿರಲಿಲ್ಲ. ಆ ಸಲ ಅವನು ಮನೆಗೆ ಬಂದೇ ಇಲ್ಲವಲ್ಲ.

ಮರುವರ್ಷ ಹೊಲಮನೆಗೆ ವಾರಸಾ ಹಚ್ಚಬೇಕಾಯಿತು, ಸತ್ತವನ ಹೆಸರು ತೆಗೆದು ವಾರಸುದಾರರ ಹೆಸರು ಏರಿಸಬೇಕಾಯಿತು. ಭರಮು ಕುರಿ ಬಿಟ್ಟು ಕಬ್ಬು ಹಚ್ಚಿದ್ದ, ಕಾಗದಪತ್ರ ಎಲ್ಲ ಅವನ ಹೆಸರಿಗೆ ಆಗಬೇಕಿತ್ತು. ಊರ ಲೆಕ್ಕಪತ್ರ ನೋಡುವ ತಲಾಟಿ ತಂಗಿಯ ಸಹಿ ಬೇಕೆಂದ. ನಮ್ಮ ಕಡೆ ಇದಕ್ಕೊಂದು ಹಳೆಯ ದಾರಿ ಇದೆ. ಅಣ್ಣ ಒಂದು ಸೀರೆ ತರುತ್ತಾನೆ, ತಂಗಿ ನನಗೇನೂ ಬೇಡ ಎಂದು ಸಹಿ ಮಾಡುತ್ತಾಳೆ, ತವರು ಉಳಿಯುತ್ತದೆ. ಭರಮುವೂ ಸೀರೆ ಹಿಡಿದುಕೊಂಡು ಕೊಗನೊಳ್ಳಿಗೆ ಬಂದ.

ತುಕಾರಾಮ ಹೆಂಡತಿಯನ್ನು ಒಳಗೆ ಕರೆದು ಹೇಳಿದ: "ಈಗ ಹೆಣ್ಣಮಕ್ಕಳಿಗೂ ಪಾಲ ಐತಿ ಅಂತ ಕಾಯ್ದೆ ಬಂದೈತಿ. ವಿಚಾರ ಮಾಡು."

"ನನಗ ಹೊಲಾ ಬ್ಯಾಡ" ಎಂದಳು ಸಾವಕ್ಕ. "ನನಗ ಬೇಕಾದದ್ದು ನಾ ಕೇಳ್ತೀನಿ."

ಕೇಳಿದ್ದು ರಾಯಬಾಗದಲ್ಲಿ, ಪತ್ರ ಬರೆಯುವವನ ಮೇಜಿನ ಮುಂದೆ. ಎಲ್ಲ ಬರೆದು ಮುಗಿದು, ಹೆಬ್ಬೆರಳೋ ಸಹಿಯೋ ಎಂದು ಅವನು ಕೇಳುವಾಗ ಸಾವಕ್ಕ ಮೆಲ್ಲಗೆ ಅಂದಳು: "ಸಹಿ ಮಾಡ್ತೀನ್ರಿ. ಆದ್ರ ಮನಿ ಮುಂದಿನ ಕಟ್ಟಿ ಒಂದ ನನ್ನ ಹೆಸರಿಗಿ ಬರೀರಿ."

ಪತ್ರದವನು ಕನ್ನಡಕ ಹಣೆಗೆ ಏರಿಸಿ ಅವಳನ್ನು ನೋಡಿದ. "ಮನಿ ಅವಂದು, ಕಟ್ಟಿ ನಿಂದು ಅಂದ್ರ ಅವ ಒಳಗ ಹೆಂಗ ಹೋಗಬೇಕವ್ವಾ? ಹಾರಿ ಹೋಗಬೇಕೇನ?"

ಸುತ್ತ ಕೂತವರೆಲ್ಲ ನಕ್ಕರು. ಸಾವಕ್ಕನೂ ನಾಚಿ ನಕ್ಕಳು. ಭರಮು ಮಾತ್ರ ನಗಲಿಲ್ಲ. ತಂಗಿಯ ಕೈ ಹಿಡಿದು ಅಂದ: "ಕಾಗದದಾಗ ಬರಲಿಲ್ಲಂದ್ರ ಬಿಡ್ಲಿ. ಅಪ್ಪನ ಆಣಿ ಸಾವಕ್ಕಾ, ನಾ ಇರೂತನಕಾ ಆ ಕಟ್ಟೀದ ಒಂದ ಕಲ್ಲ ಕೀಳೂದಿಲ್ಲ. ಅದು ನಿಂದ."

ಅವಳು ಸಹಿ ಮಾಡಿದಳು. ಬಿಟ್ಟುಕೊಟ್ಟ ನಾಲ್ಕು ಎಕರೆ ನೀರಾವರಿ ಹೊಲಕ್ಕಿಂತ ದೊಡ್ಡದೇನನ್ನೋ ಪಡೆದವಳ ಹಾಗೆ ಆ ದಿನ ಬಸ್ಸಿನಲ್ಲಿ ಕೂತಿದ್ದಳು. ಜೊತೆಗೆ ಬಂದಿದ್ದ ತುಕಾರಾಮ ಅವಳನ್ನು ಹುಚ್ಚಿ ಅನ್ನಲಿಲ್ಲ, ಆದರೆ ನಿಪ್ಪಾಣಿಯ ತನಕ ಮಾತೂ ಆಡಲಿಲ್ಲ.

ಭರಮು ಮಾತಿಗೆ ತಪ್ಪಲಿಲ್ಲ. ಎರಡು ದೀಪಾವಳಿ ಸಾವಕ್ಕ ಬಂದಳು, ಕಟ್ಟೆಯ ಮೇಲೆ ಕೂತಳು. ಬೆಳಗಿನ ಚಹಾದಿಂದ ದೀಪ ಹಚ್ಚುವ ತನಕ ಅಲ್ಲೇ. ಭರಮುವಿನ ಹೆಂಡತಿ, ವೈನಿ ಸಾವಿತ್ರೆವ್ವ ಒಳಗೆ ಕರೆದರೂ "ಇರಲಿ ಬಿಡ ವೈನಿ, ಇಲ್ಲೇ ಚಲೋ" ಎನ್ನುತ್ತಿದ್ದಳು. ಯಾವುದಾದರೂ ಹಿಂಡು ತಿರುವಿನಲ್ಲಿ ಬಂದರೆ ಎದ್ದು ನಿಲ್ಲುತ್ತಿದ್ದಳು. ಹತ್ತಿರ ಬಂದಾಗ ಬೇರೆ ಯಾರೋ ಆಗಿರುತ್ತಿದ್ದ. ಮತ್ತೆ ಕೂರುತ್ತಿದ್ದಳು. ಇದು ದುಃಖ ಎಂದು ಯಾರಾದರೂ ಅಂದಿದ್ದರೆ ಅವಳು ಒಪ್ಪುತ್ತಿರಲಿಲ್ಲ. ಕಾಯಲು ಒಂದು ಜಾಗ ಇದೆ ಎನ್ನುವುದೇ ಅವಳಿಗೆ ಸುಖವಾಗಿತ್ತು.

ಆದರೆ ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಕಟ್ಟೆಯ ಮೇಲೆ ದಿನವಿಡೀ ಕೂತ ತಂಗಿಯನ್ನು ನೋಡಿ ಊರು ತನಗೆ ತಿಳಿದಂತೆ ಅರ್ಥ ಮಾಡಿತು. "ಸಹಿ ಮಾಡಿಸ್ಕೊಳ್ಳೂತನಕಾ ತಂಗಿ ತಂಗಿ. ಈಗ ನೋಡ್ರಿ, ಪರದೇಶಿ ಹಂಗ ಹೊರಗ ಕೂಡಿಸ್ಯಾನ. ಒಳಗ ಮಲಗಾಕ ಒಂದ ಮೊಳ ಜಾಗಾ ಇಲ್ಲೇನ?" ಈ ಮಾತು ಹಾಲು ಹಾಕುವಲ್ಲಿ ಹುಟ್ಟಿ, ಹಿಟ್ಟಿನ ಗಿರಣಿಯಲ್ಲಿ ಬೆಳೆದು, ಕಡೆಗೆ ಭರಮುವಿನ ಕಿವಿಗೆ ಬಿತ್ತು. ಆ ಮನುಷ್ಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಾವಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ.

ತೊಂಬತ್ತೆಂಟರ ದೀಪಾವಳಿಗೆ ಅವಳು ಗಾಡಿ ಇಳಿದು, ಚೀಲ ಹೊತ್ತು, ಹಳ್ಳದ ಗುಂಟ ನಡೆದು ಜಾಲಿಗಿಡದ ತಿರುವಿಗೆ ಬಂದಳು. ಎದುರಿಗೆ ಮನೆ ಕಾಣಬೇಕಿತ್ತು. ಬೇರೆ ಯಾವುದೋ ಮನೆ ಕಂಡಿತು. ನೀಲಿ ಬಣ್ಣದ ಗೋಡೆ, ಅದರ ಪಕ್ಕದಲ್ಲಿ ಒಳಗೆ ಹೋಗುವಷ್ಟೇ ಬಿಟ್ಟ ದಾರಿ. ದಾರಿ ತಪ್ಪಿದೆನೇನೋ ಎಂದು ಒಂದು ಗಳಿಗೆ ನಿಂತೇಬಿಟ್ಟಳು. ಆ ಗೋಡೆಯ ಮುಂದೆ ಭರಮು ನಿಂತಿದ್ದ, ಮುಖದ ತುಂಬ ನಗು. ಪಕ್ಕದಲ್ಲಿ ಸಾವಿತ್ರೆವ್ವ ಆರತಿ ತಾಟು ಹಿಡಿದು ಕಾದಿದ್ದಳು. ಅವತ್ತು ಭಾವಬೀಜ, ತಂಗಿ ಅಣ್ಣನಿಗೆ ಆರತಿ ಬೆಳಗುವ ದಿನ.

"ಕಟ್ಟಿ?" ಎಂದಳು ಸಾವಕ್ಕ. ಅಷ್ಟೇ ಮಾತು ಹೊರಟದ್ದು.

"ಒಳಗ ಬಾ, ಒಳಗ ಬಾ, ತೋರಸ್ತೀನಿ" ಎಂದು ಅವನು ಅವಳ ಚೀಲ ಇಸಿದುಕೊಂಡು, ಪಕ್ಕದಿಂದ ಹತ್ತಿಸಿ ಹೊಸ ಬಾಗಿಲು ತೆರೆದ. ಒಳಗೆ ಒಂದು ಖೋಲಿ. ಮಂಚ, ಹೊಸ ಗಾದಿ, ಮೇಲೆ ತಿರುಗುವ ಫ್ಯಾನು, ಮೂಲೆಯಲ್ಲಿ ನೀರಿನ ಬಿಂದಿಗೆ, ಗೋಡೆಗೆ ಕನ್ನಡಿ. "ನೋಡ ಸಾವಕ್ಕಾ, ಆಣಿ ಮಾಡಿದಂಗ ಒಂದ ಕಲ್ಲ ಕಿತ್ತಿಲ್ಲ. ಇದ್ದ ಕಟ್ಟೀ ಮ್ಯಾಲನ ಗ್ವಾಡಿ ಏರಿಸೀನಿ. ಇದು ನಿನ್ನ ಖೋಲಿ. ನೀ ಬಂದಾಗ ನೀ ಇರು, ಇಲ್ಲದಾಗ ಕೀಲಿ. ನನ್ನ ಮಕ್ಕಳೂ ಒಳಗ ಕಾಲ ಇಡಂಗಿಲ್ಲ. ದಾರೀ ಧೂಳಾ ನಿನಗ ಬರಬಾರದಂತ ಖಿಡಕಿ ಮಗ್ಗಲ ಸಂದೀ ಕಡೆ ಇಟ್ಟೀನಿ."

ಸಾವಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಾಲಿಗೆ ಸಿಕ್ಕದ್ದು ಅದೇ ಕಲ್ಲು, ಅದೇ ತಂಪು. ದಾರಿಯ ಕಡೆಗೆ ತಿರುಗಿದಳು. ಮೂಗಿಗೆ ಸುಣ್ಣದ ವಾಸನೆ ಬಡಿಯಿತು, ಗೋಡೆ ಅಷ್ಟು ಹತ್ತಿರ ಇತ್ತು. ಗಂಡನ ಮನೆಯಲ್ಲಿ ಒಳಗೆ, ಇನ್ನು ಇಲ್ಲೂ ಒಳಗೆ. ಅಪ್ಪ ಸತ್ತು ಮೂರು ವರ್ಷವಾಗಿತ್ತು, ಅವಳ ಪಾಲಿಗೆ ಅವನು ಸತ್ತದ್ದು ಈಗ.

ಸಾವಿತ್ರೆವ್ವ ತಾಟು ಕೈಗೆ ಕೊಟ್ಟಳು. ಭರಮು ಮಂಚದ ಮೇಲೆ ಕೂತ, ಟೋಪಿ ಸರಿಮಾಡಿಕೊಂಡ. ಸಾವಕ್ಕ ಹಣೆಗೆ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಅವನು ಅಂಗಿಯ ಕಿಸೆಯಿಂದ ಹೊಸ ಕೀಲಿಕೈ ತೆಗೆದು ತಾಟಿನಲ್ಲಿ ಇಟ್ಟ. ಯಾವ ಅಣ್ಣನೂ ಯಾವ ತಂಗಿಗೂ ಆ ಊರಲ್ಲಿ ಹಾಗೆ ಕೊಟ್ಟದ್ದಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಓಣಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೋದ ವರ್ಷ ಅವನ ಬಗ್ಗೆ ಆಡಿಕೊಂಡ ಬಾಯಿಗಳೂ ಅಲ್ಲೇ ಇದ್ದವು.

"ಮನಸಿಗಿ ಬಂತಿಲ್ಲೋ?" ಎಂದು ಕೇಳಿದ ಭರಮು.

ಒಂದು ಮಾತು ಅಂದರೆ ಸಾಕಿತ್ತು. ಅವಳಿಗೆ ಅಣ್ಣ ಗೊತ್ತು. ನನಗೆ ಇದು ಬೇಡ ಅಣ್ಣಾ, ನನಗೆ ದಾರಿ ಕಾಣಬೇಕು ಎಂದರೆ ನಾಳೆ ಬೆಳಗಾಗುವಷ್ಟರಲ್ಲಿ ತಾನೇ ಹಾರೆ ಹಿಡಿದು ಆ ಗೋಡೆ ಕೆಡವುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅಣ್ಣನ ಕೈ ನೋಡಿದಳು. ಸಿಮೆಂಟು ಕಚ್ಚಿ ಬೆರಳ ಸಂದಿಗಳು ಬಿರಿದಿದ್ದವು, ಗೌಂಡಿಯ ಜೊತೆ ತಾನೂ ನಿಂತು ಕೆಲಸ ಮಾಡಿದ್ದ.

"ಬಂತಣ್ಣಾ. ಭಾಳ ಮನಸಿಗಿ ಬಂತು" ಎಂದಳು, ಮತ್ತು ಅಳು ತಡೆಯಲಾಗದೆ ಅತ್ತೇಬಿಟ್ಟಳು.

ತಂಗಿ ಸಂತೋಷಕ್ಕೆ ಅಳುತ್ತಾಳೆಂದು ಭರಮುವಿನ ಕಣ್ಣೂ ತುಂಬಿತು. "ಇನ್ನ ಯಾರೂ ತಂಗೀನ ಹೊರಗ ಕೂಡಿಸ್ಯಾನ ಅನ್ನಂಗಿಲ್ಲ" ಎಂದ. ಊರು ಏನು ಆಡಿಕೊಂಡಿತ್ತು, ಅಣ್ಣ ಯಾಕೆ ಗೋಡೆ ಏರಿಸಿದ ಎನ್ನುವುದೆಲ್ಲ ಆಗ ಅವಳಿಗೆ ಅರ್ಥವಾಯಿತು. ಸಾವಕ್ಕ ತನ್ನ ಸೆರಗಿನಿಂದಲೇ ಅವನ ಕಣ್ಣೊರೆಸಿ, ತಾಟಿನ ಕೀಲಿಕೈ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಗಸರನ್ನು ನೋಡಿ, "ಯಾಕ ಹೊರಗ ನಿಂತೀರಿ, ಒಳಗ ಬರ್ರಿ" ಎಂದು ಕರೆದಳು.